ಅರಮನೆ ಮುಚ್ಚಿಲ್ಲ

ಬ್ಯಾಂಕಾಕಿಗೆ ಹೋಗುತ್ತಿದ್ದೇನೆ ಎಂದು ಗಂಡಸಾದವನು ಯಾರಿಗಾದರೂ ಹೇಳಿ ನೋಡಬೇಕು. ಕೇಳಿದವರ ಹುಬ್ಬು ಏಳುತ್ತದೆ, ಅದರ ಹಿಂದೆಯೇ ತುಟಿಯ ಒಂದು ಮೂಲೆಯೂ ಏಳುತ್ತದೆ, ಆಮೇಲೆ ‘ಓಹೋ’ ಎಂಬ ಉದ್ಗಾರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಆ ಅವ್ಯಯಕ್ಕೆ ಇಷ್ಟು ಅರ್ಥಗಳಿವೆ ಎಂದು ಗೊತ್ತಾದದ್ದು 2025ರ ಜುಲೈಯಲ್ಲಿ, ನಮ್ಮ ಬೀದಿಯ ಕೊನೆ ಮನೆಯವರು ಗೇಟಿನ ಮೇಲೆ ಮೊಣಕೈಯೂರಿ “ಮೇಷ್ಟ್ರೇ, ಬ್ಯಾಂಕಾಕಾ? ಓಹೋ!” ಎಂದಾಗ.

“ಮನೆಯವಳೂ ಬರ್ತಿದ್ದಾಳೆ” ಎಂದೆ. ತುಟಿಯ ಮೂಲೆ ಸ್ವಲ್ಪ ಇಳಿಯಿತು.

“ನಮ್ಮಕ್ಕನೂ ಬರ್ತಿದ್ದಾಳೆ. ಎಪ್ಪತ್ತೆರಡು ವರ್ಷ.”

ಪೂರ್ತಿ ಇಳಿಯಿತು. “ಹಾಗಿದ್ರೆ ಕಾಶಿಗೇ ಹೋಗಬಹುದಿತ್ತಲ್ಲ ಸಾರ್” ಎಂದು ಗೇಟು ಬಿಟ್ಟು ನಡೆದರು.

ಟಿಕೆಟ್ ತೆಗೆಸಿಕೊಟ್ಟವನು ಮಗ. ಸಲಹೆ ಕೊಟ್ಟವರು ಊರಿನವರೆಲ್ಲ. ಅಲ್ಲಿ ಹಾವು ಹಲ್ಲಿ ಬಿಟ್ಟರೆ ತಿನ್ನಲು ಏನೂ ಸಿಗುವುದಿಲ್ಲ, ಅವಲಕ್ಕಿ ಮೂಟೆ ಕಟ್ಟಿಕೊಳ್ಳಿ ಎಂದರು ಒಬ್ಬರು. ದುಡ್ಡನ್ನು ಬನಿಯನ್ನಿನೊಳಗೆ ಜೇಬು ಹೊಲಿಸಿ ಇಟ್ಟುಕೊಳ್ಳಿ ಎಂದರು ಇನ್ನೊಬ್ಬರು. ಎಲ್ಲರಿಗೂ ಹೂಂಗುಟ್ಟಿದೆ, ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ನನ್ನದೇ ಒಂದು ಧೈರ್ಯವಿತ್ತು. ಥಾಯ್ ಭಾಷೆಯ ತುಂಬ ಸಂಸ್ಕೃತ, ಪಾಳಿ ಶಬ್ದಗಳು. ಅದರ ಲಿಪಿಯ ಮೂಲ ಹುಡುಕುತ್ತ ಹೋದರೆ ಖ್ಮೇರ್ ದಾಟಿ ಪಲ್ಲವರ ಹತ್ತಿರ ಬಂದು ನಿಲ್ಲುತ್ತದೆ ಎಂದೆಲ್ಲ ಓದಿಕೊಂಡಿದ್ದೆ. ತತ್ಸಮ ತದ್ಭವದ ಪಾಠವನ್ನು ಮೂವತ್ತೊಂದು ಸಲ ಮಾಡಿದವನಿಗೆ ಆ ಊರು ಯಾವ ಲೆಕ್ಕ?

ಹೊರಡುವ ಮೊದಲಿನ ಕಾಗದಪತ್ರದ ವಿಷಯ ಹೆಚ್ಚಿಲ್ಲ. ನಾವು ಹೋದಾಗ ಭಾರತೀಯರಿಗೆ ವೀಸಾ ಬೇಕಿರಲಿಲ್ಲ, ಅರವತ್ತು ದಿನ ಇರಬಹುದಿತ್ತು. ಇಂಥ ನಿಯಮ ಬೆಳಿಗ್ಗೆ ಸಂಜೆಗೆ ಬದಲಾಗುವುದುಂಟು, ಟಿಕೆಟ್ ತೆಗೆಯುವ ದಿನವೇ ನೋಡಿಕೊಳ್ಳಬೇಕು. 2025ರ ಮೇ 1ರಿಂದ ‘ಡಿಜಿಟಲ್ ಅರೈವಲ್ ಕಾರ್ಡ್’ ಎಂಬುದೊಂದು ಬಂದಿದೆ. ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಇಂಟರ್ನೆಟ್ಟಿನಲ್ಲಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಪುಟ ತೆರೆದುಕೊಂಡರೆ ಅದು ಸರಕಾರದ್ದಲ್ಲ ಎಂದು ಮುಚ್ಚಿಬಿಡಿ. ಆ ಊರಿಗೆ ಎರಡು ವಿಮಾನ ನಿಲ್ದಾಣ, ಡಾನ್ ಮುವಾಂಗ್ ಒಂದು, ಸುವರ್ಣಭೂಮಿ ಇನ್ನೊಂದು. ಒಂದರಲ್ಲಿ ಇಳಿದು ಇನ್ನೊಂದರಿಂದ ಹಾರುವ ಟಿಕೆಟ್ ಅಗ್ಗವಾಗಿ ಕಂಡರೆ ನಡುವಿನ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾವು ಇಳಿದದ್ದು ಸುವರ್ಣಭೂಮಿಯಲ್ಲಿ. ಬೋರ್ಡು ಕಂಡದ್ದೇ ನನಗೆ ರೋಮಾಂಚನ. “ನೋಡಕ್ಕ, ಸುವರ್ಣಭೂಮಿ!” ಎಂದೆ. ಅಕ್ಕ ಕೈಮುಗಿದಳು. ಅವಳು ಯಾವುದಕ್ಕೆ ಬೇಕಾದರೂ ಕೈಮುಗಿಯುವವಳು. ಆದರೆ ಪೇಟೆಗೆ ಹೋಗುವ ರೈಲು ಹತ್ತಿದ ಮೇಲೆ ಧ್ವನಿವರ್ಧಕದ ಹೆಣ್ಣುಮಗಳು ಅದನ್ನು ‘ಸುವನ್ನಪೂಮ್’ ಎಂದಳು. ನನ್ನ ವ್ಯಾಕರಣ ಅಲ್ಲೇ ಚುರುಕಾಯಿತು. ಎಂಟು ಸ್ಟೇಷನ್ನಿನ ಆ ದಾರಿ, ಕೊನೆಯವರೆಗೆ ತಲೆಗೆ 45 ಬಾತ್, ಅರ್ಧ ಗಂಟೆ. ಆಗ ಒಂದು ಬಾತ್ ಎಂದರೆ ನಮ್ಮ ಎರಡೂವರೆ ರೂಪಾಯಿಗೆ ತುಸು ಮೇಲೆ. ಟ್ಯಾಕ್ಸಿಯಾದರೆ ಮೀಟರಿನ ಮೇಲೆ ವಿಮಾನ ನಿಲ್ದಾಣದ್ದೆಂದು 50 ಬಾತ್ ಹೆಚ್ಚಿಗೆ, ಹೆದ್ದಾರಿಯ ಸುಂಕ ಬೇರೆ. ಆ ಅರ್ಧ ಗಂಟೆಯಲ್ಲಿ ನಾನು ಕಂಡುಕೊಂಡ ಸೂತ್ರ ಇದು: ಶಬ್ದದ ಕೊನೆಯಲ್ಲಿ ‘ರ’ಕಾರ ಬಂದರೆ ಥಾಯ್ ಜನ ಅದನ್ನು ‘ನ್’ ಮಾಡುತ್ತಾರೆ, ಗ ಜ ದ ಬಗಳಿಗೆ ಬೇರೆ ವೇಷ ಹಾಕುತ್ತಾರೆ. ನಗರ ‘ನಖೋನ್’ ಆಗುತ್ತದೆ, ಆಹಾರ ‘ಆಹಾನ್’ ಆಗುತ್ತದೆ, ಗುರು ‘ಖ್ರೂ’, ಭಾಷೆ ‘ಫಾಸಾ’. ಸ್ಟೇಷನ್ನಿಗೆ ಅವರ ಮಾತು ‘ಸಥಾನೀ’, ಅಂದರೆ ಸ್ಥಾನ. ಫೋನಿಗೆ ‘ಥೋರಸಪ್’. ಬಿಡಿಸಿದರೆ ದೂರಶಬ್ದ! ನಮ್ಮ ದೂರವಾಣಿಗಿಂತ ನನಗೆ ಇದೇ ಹಿಡಿಸಿತು. ನಮ್ಮ ಹೋಟೆಲಿದ್ದದ್ದು ‘ರಾಚತೇವಿ’ಯಲ್ಲಿ, ರಾಜದೇವಿ. ಅದರ ಪಕ್ಕದ ರಸ್ತೆ ‘ಪೆಚ್ಚಬುರಿ’, ವಜ್ರಪುರಿ. ವಜ್ರ ನಮ್ಮಲ್ಲಿ ಬಜ್ಜರವಾದಂತೆ ಅಲ್ಲಿ ಪೆಚ್ಚವಾಗಿದೆ, ಅಷ್ಟೇ.

“ರೀ, ಇದು ಪರೀಕ್ಷೆಗೆ ಬರುತ್ತಾ?” ಎಂದಳು ಹೆಂಡತಿ, ಕಿಟಕಿ ಕಡೆ ಮುಖ ಮಾಡಿಕೊಂಡೇ.

ಅಲ್ಲಿಯವರು ತಮ್ಮ ಊರನ್ನು ಬ್ಯಾಂಕಾಕ್ ಎನ್ನುವುದೇ ಇಲ್ಲ. ‘ಕ್ರುಂಗ್ ಥೇಪ್’ ಎನ್ನುತ್ತಾರೆ, ದೇವನಗರ. ಅದು ಬರೀ ಕರೆಯುವ ಹೆಸರು. ಪೂರ್ತಿ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 168 ಅಕ್ಷರ, ಜಗತ್ತಿನ ಅತಿ ಉದ್ದದ ಊರಿನ ಹೆಸರೆಂದು ಗಿನ್ನೆಸ್ ಪುಸ್ತಕದಲ್ಲಿದೆ. ಅದನ್ನೊಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮಹಾನಗರ, ಅಮರ, ರತ್ನ, ಮಹೇಂದ್ರ, ಅಯೋಧ್ಯಾ, ನವರತ್ನ, ರಾಜಧಾನಿ, ಉತ್ತಮ ರಾಜನಿವೇಶ, ಅಮರವಿಮಾನ, ಅವತಾರ, ಕೊನೆಗೆ ಶಕ್ರ ಕೊಟ್ಟದ್ದು, ವಿಶ್ವಕರ್ಮ ಕಟ್ಟಿದ್ದು! ಪುರೋಹಿತರು ಸಂಕಲ್ಪ ಹೇಳುವಾಗ ದೇಶ ಕಾಲ ಎಲ್ಲ ಒಂದೇ ಉಸಿರಿಗೆ ಬರುತ್ತದಲ್ಲ, ಹಾಗೆ. ಅಕ್ಕನಿಗೆ ಓದಿ ಹೇಳಿದೆ. ಮುಗಿದ ಮೇಲೆ “ಆಚಮನ ಯಾವಾಗ ಮಾಡಬೇಕೋ?” ಎಂದಳು.

ಇಷ್ಟು ವಿದ್ಯೆ ಇದ್ದೂ ಮೊದಲ ದಿನ ಮಧ್ಯಾಹ್ನ ಊಟ ಸಿಗಲಿಲ್ಲ. ಸಸ್ಯಾಹಾರಕ್ಕೆ ಥಾಯ್ ಶಬ್ದವೇನೆಂದು ಊರಲ್ಲೇ ನೋಡಿಕೊಂಡಿದ್ದೆ. ಅದು ಅಪ್ಪಟ ಮಾಂಸವಿರತಿ. ವಿರತಿ! ಎಂಥ ಶಬ್ದ! ಗಲ್ಲಿಯ ಒಂದು ಗಾಡಿಯ ಮುಂದೆ ನಿಂತು ಗಮಕಿಗಳ ಹಾಗೆ ಸ್ಪಷ್ಟವಾಗಿ “ಮಾಂಸವಿರತಿ” ಎಂದೆ. ಗಾಡಿಯ ಹೆಂಗಸು ಕಣ್ಣರಳಿಸಿ ನೋಡಿದಳು. ಮತ್ತೆ ಹೇಳಿದೆ, ಇನ್ನೂ ಶುದ್ಧವಾಗಿ. ಪಕ್ಕದ ಗಾಡಿಯವನನ್ನು ಕರೆದಳು. ಅವನೂ ನೋಡಿದ. ಕೊನೆಗೆ ಹೆಂಡತಿ ಫೋನಿನಲ್ಲಿ ಅದನ್ನು ಥಾಯ್ ದನಿಯಲ್ಲೇ ನುಡಿಸಿದಳು. ‘ಮಂಗ್ಸವಿರಾತ್’ ಎಂದಿತು ಫೋನು. “ಓ!” ಎಂದು ಇಬ್ಬರೂ ನಕ್ಕರು. ತದ್ಭವ ಮಾಡದೆ ಆ ಊರಲ್ಲಿ ಅನ್ನ ಹುಟ್ಟುವುದಿಲ್ಲ.

ಹುಟ್ಟಿದ ಮೇಲೂ ಒಂದು ತೊಡಕಿದೆ. ಮಂಗ್ಸವಿರಾತ್ ಎಂದರೆ ಮಾಂಸದ ತುಂಡು ಇರುವುದಿಲ್ಲ, ನಿಜ. ಆದರೆ ಮೊಟ್ಟೆ ಇರಬಹುದು, ಮತ್ತು ‘ನಾಮ್ ಪ್ಲಾ’ ಬಿದ್ದಿರಬಹುದು. ಅದು ಮೀನಿನ ಸಾರ. ನಾವು ಒಗ್ಗರಣೆಗೆ ಸಾಸಿವೆ ಹಾಕುವಷ್ಟೇ ಯೋಚನೆಯಿಲ್ಲದೆ ಅವರು ಅದನ್ನು ಹಾಕುತ್ತಾರೆ. ಪಪ್ಪಾಯಿಕಾಯಿಯ ಕೋಸಂಬರಿಯಂಥ ‘ಸೋಮ್ ತಮ್’ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಅದರಲ್ಲೂ ಮೀನಿನ ಸಾರ, ಒಣ ಸಿಗಡಿ. ಹಸಿರು ಕೆಂಪು ಗೊಜ್ಜುಗಳ ಮಸಾಲೆ ರುಬ್ಬುವಾಗಲೇ ಸಿಗಡಿ ಸೇರಿರುತ್ತದೆ, ಆಮೇಲೆ ಹಾಕಬೇಡಿ ಎಂದು ಪ್ರಯೋಜನವಿಲ್ಲ. ನಮ್ಮಕ್ಕನಿಗಂತೂ ಈರುಳ್ಳಿ ಬೆಳ್ಳುಳ್ಳಿಯೂ ಆಗದು. ಮೂರನೆಯ ದಿನ ಅವಳೇ ತಂದಿದ್ದ ಅವಲಕ್ಕಿ ಡಬ್ಬಿಯ ತಳ ಕಂಡಿತು. ಆಗ ಹೋಟೆಲಿನ ಕೌಂಟರಿನ ಹುಡುಗಿ ಕಾಗದದ ಮೇಲೊಂದು ಗುರುತು ಬರೆದು, ಬಾಗಿಲಿಗೆ ಹಳದಿ ಬಾವುಟ ಸಿಕ್ಕಿಸಿ ಅದರ ಮೇಲೆ ಕೆಂಪಿನಲ್ಲಿ ಹೀಗೆ ಬರೆದಿದ್ದರೆ ಒಳಗೆ ಹೋಗಿ ಎಂದಳು. ನೋಡುವುದಕ್ಕೆ ನಮ್ಮ ಶಾಲೆಯ ಹುಡುಗರು 17 ಎಂದು ಸೊಟ್ಟಗೆ ಬರೆದ ಹಾಗಿತ್ತು. ಓದುವುದು ‘ಜೇ’ ಎಂದು. ಚೀನೀ ಬೌದ್ಧರ ವ್ರತದ ಅಡುಗೆ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಸುತರಾಂ ಇಲ್ಲ! ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಹೆಚ್ಚುಕಡಿಮೆ ನಮ್ಮ ನವರಾತ್ರಿಯ ಹೊತ್ತಿಗೇ, ಅವರು ಒಂಬತ್ತು ದಿನ ಆ ವ್ರತ ಹಿಡಿಯುತ್ತಾರಂತೆ. ಆಗ ಚೀನೀ ಪೇಟೆ ‘ಯಾವರಾತ್’ ತುಂಬ ಈ ಹಳದಿ ಬಾವುಟಗಳೇ. ಉಳಿದ ದಿನಗಳಲ್ಲಿ ಗಲ್ಲಿಗೊಂದು ಸಿಕ್ಕರೆ ಪುಣ್ಯ. ಜೇ ಅಂಗಡಿಯಲ್ಲಿ ಅನ್ನದ ಮೇಲೆ ಅಣಬೆ, ತೋಫು, ಹೆಸರೇ ಗೊತ್ತಿಲ್ಲದ ಒಂದು ಸೊಪ್ಪು ಹಾಕಿಸಿಕೊಂಡು ಅಕ್ಕ ತಟ್ಟೆ ಖಾಲಿ ಮಾಡಿದ್ದನ್ನು ನೋಡಿ ನನಗೂ ಜೀವ ಬಂತು. “ಮಡಿ ಅಡುಗೆ ಕಣೋ” ಎಂದು ಸರ್ಟಿಫಿಕೇಟು ಕೊಟ್ಟಳು.

ಮಾವಿನಹಣ್ಣು, ತೆಂಗಿನಹಾಲಿನಲ್ಲಿ ಕಲಸಿದ ಅಂಟಕ್ಕಿ ಅನ್ನ, ಇವೆರಡೂ ಒಟ್ಟಿಗೆ ಸಿಗುವ ‘ಖಾವ್ ನಿಯಾವ್ ಮಮುವಾಂಗ್’ ಬಗ್ಗೆ ಮಾತ್ರ ಯಾವ ಭಯವೂ ಬೇಡ. ತಿನ್ನಿ. ಮತ್ತೊಂದು ತಟ್ಟೆ ತಿನ್ನಿ. ಏಪ್ರಿಲ್ ಮೇ ತಿಂಗಳಲ್ಲಾದರೆ ಹಣ್ಣು ಇನ್ನೂ ಚೆನ್ನ, ಆದರೆ ಆಗ ಬಿಸಿಲಿಗೆ ನೀವೇ ಹಣ್ಣಾಗಿರುತ್ತೀರಿ.

ಸೆವೆನ್ ಇಲೆವೆನ್ ಅಂಗಡಿ ಮೂಲೆಮೂಲೆಗೂ ಇದೆ. ಹಾಲು, ಬ್ರೆಡ್ಡು, ನೀರು, ಕೊಡೆ, ತಲೆನೋವಿನ ಮಾತ್ರೆ, ಎಲ್ಲ ಅಲ್ಲೇ. ಮೊದಲ ರಾತ್ರಿ ಹೆಂಡತಿ ಹಾಲಿನ ಪ್ಯಾಕೆಟ್ಟನ್ನು ದೀಪಕ್ಕೆ ಹಿಡಿದು ತಾರೀಕು ಓದಿ “ಇದು 2568ರವರೆಗೆ ಕೆಡಲ್ವಂತೆ ಕಣ್ರೀ” ಎಂದಳು. ಅವರದು ಬುದ್ಧ ಶಕೆ, ನಮ್ಮ ಲೆಕ್ಕಕ್ಕಿಂತ 543 ವರ್ಷ ಮುಂದು. 2568 ಎಂದರೆ 2025. ಹಾಲಿಗೆ ಇನ್ನು ನಾಲ್ಕೇ ದಿನ ಬಾಕಿಯಿತ್ತು.

ಈಗ ಅರಮನೆಯ ಕಥೆ. ಇದನ್ನು ಬರೆಯಲೆಂದೇ ಕೂತದ್ದು, ಆದರೂ ಇಷ್ಟು ಹೊತ್ತು ಮುಂದೆ ತಳ್ಳಿದೆ.

ಚಕ್ರಿ ವಂಶದ ಒಂದನೆಯ ರಾಮ 1782ರಲ್ಲಿ ರಾಜಧಾನಿಯನ್ನು ನದಿಯ ಈ ದಡಕ್ಕೆ ತಂದು ಕಟ್ಟಿಸಿದ ಅರಮನೆ ಅದು. ಒಳಗೆ ಮರಕತ ಬುದ್ಧನ ಗುಡಿ. ನಾವು ಬೆಳಿಗ್ಗೆಯೇ ಆ ಬಿಳಿ ಗೋಡೆಯ ಪಕ್ಕ ನಡೆದು ಹೋಗುತ್ತಿದ್ದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಎದುರಾದ. ಕೊರಳಲ್ಲಿ ಎಂಥದೋ ಗುರುತಿನ ಚೀಟಿ. “ಇಂಡಿಯಾ? ನಮಸ್ತೆ!” ಎಂದ. ನಾನು ಬಿಡುತ್ತೇನೆಯೇ? “ಸವಾದ್ದೀ ಖಾ!” ಎಂದೆ. ಹೋಟೆಲಿನ ಹುಡುಗಿ ದಿನವೂ ನಮಗೆ ಹಾಗೇ ಹೇಳುತ್ತಿದ್ದಳು. ‘ಸ್ವಸ್ತಿ’ಯ ತದ್ಭವ ಅದು. ಅವನ ಮುಖ ಅರಳಿತು. ನಿಮ್ಮ ಥಾಯ್ ಎಷ್ಟು ಚೆನ್ನಾಗಿದೆ, ಪ್ರೊಫೆಸರೋ ಎಂದು ಕೇಳಿದ. ಆ ಗಳಿಗೆಯಲ್ಲಿ ಅವನು ನನ್ನ ಆಸ್ತಿ ಕೇಳಿದ್ದರೂ ಬರೆದುಕೊಡುತ್ತಿದ್ದೆ. ನಗರದ ಪೂರ್ತಿ ಹೆಸರು ನನಗೆ ಬಾಯಿಪಾಠ ಎಂದೆ. ಅಷ್ಟುದ್ದವನ್ನೂ ನಿಂತು ಕೇಳಿದ. ಮುಗಿದ ಮೇಲೆ ಮುಖ ಸಣ್ಣದು ಮಾಡಿ ಹೇಳಿದ: ಅಯ್ಯೋ, ಇವತ್ತು ಭಿಕ್ಷುಗಳ ವಿಶೇಷ ಪೂಜೆ, ವಿದೇಶಿಯರಿಗೆ ಅರಮನೆ ತೆರೆಯುವುದು ಮಧ್ಯಾಹ್ನ ಒಂದರ ಮೇಲೆ. ಅಲ್ಲಿಯವರೆಗೆ ಬಿಸಿಲಲ್ಲಿ ಯಾಕೆ ನಿಲ್ಲುತ್ತೀರಿ? ಒಂದು ದೊಡ್ಡ ಬುದ್ಧ, ಒಂದು ಅದೃಷ್ಟದ ಬುದ್ಧ ನೋಡಿಕೊಂಡು ಬನ್ನಿ. ಸರಕಾರಿ ಟುಕ್‌ಟುಕ್ ಇದೆ, ಮೂವರಿಗೂ ಸೇರಿ ಇಪ್ಪತ್ತೇ ಬಾತ್. ನನ್ನ ನಕ್ಷೆ ಇಸಿದುಕೊಂಡು ಪೆನ್ನಿನಲ್ಲಿ ಸುತ್ತು ಹಾಕಿಯೂ ಕೊಟ್ಟ.

“ರೀ, ಅಲ್ಲಿ ಜನ ಒಳಗೆ ಹೋಗ್ತಾ ಇರೋ ಹಾಗಿದೆ” ಎಂದಳು ಹೆಂಡತಿ.

“ಅವರೆಲ್ಲ ಥಾಯ್ ಜನ. ನೀನು ಸುಮ್ಮನಿರು” ಎಂದೆ. ಮೇಷ್ಟ್ರಲ್ಲವೇ.

ಬುದ್ಧರಿದ್ದರು, ಸುಳ್ಳು ಹೇಳಬಾರದು. ಒಂದು ಚಿಕ್ಕ ಗುಡಿಯಲ್ಲಿ ಹತ್ತು ನಿಮಿಷ ಕೂತೆವು. ಆಮೇಲೆ ಟುಕ್‌ಟುಕ್ ನಿಂತದ್ದು ಒಂದು ಬಟ್ಟೆಯಂಗಡಿಯ ಮುಂದೆ. ಹತ್ತೇ ನಿಮಿಷ ನೋಡಿ, ಏನೂ ಕೊಳ್ಳಬೇಡಿ, ನನಗೆ ಪೆಟ್ರೋಲ್ ಕೂಪನ್ ಸಿಗುತ್ತದೆ ಎಂದು ಚಾಲಕ ಕೈಮುಗಿದ. ಪಾಪ ಅನ್ನಿಸಿತು. ಒಳಗೆ ಹೋದರೆ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ನನ್ನ ಮೈಗೆ ಮೂರು ಬಗೆಯ ಸೂಟಿನ ಬಟ್ಟೆ ಹೊದಿಸಿದರು. ಟೇಪು ಹಿಡಿದವನು ಸೊಂಟದ ಅಳತೆ ಗಟ್ಟಿಯಾಗಿ ಕೂಗಿದ, ಅದೂ ಹೆಂಡತಿಯ ಎದುರಿಗೆ. ಕಾಶ್ಮೀರಿ ಉಣ್ಣೆ ಎಂದು ಒಬ್ಬ ತೋರಿಸಿದ್ದನ್ನು ಅಕ್ಕ ಎರಡು ಬೆರಳಲ್ಲಿ ಉಜ್ಜಿ ನೋಡಿ, ಕನ್ನಡದಲ್ಲೇ, “ಇದು ಟೆರಿಕಾಟ್ ಕಣಪ್ಪ” ಎಂದಳು. ಅವನಿಗೆ ಅರ್ಥವಾಯಿತು ಎಂದೇ ನನ್ನ ಊಹೆ. ಅಲ್ಲಿಂದ ಮುಂದೆ ಹರಳಿನಂಗಡಿ. ಅಲ್ಲಿ ಅಕ್ಕ ಸೋಫಾದ ಮೇಲೆ ಪದ್ಮಾಸನ ಹಾಕಿ ಜಪಮಾಲೆ ತೆಗೆದಳು. ಜಪ ಮಾಡುವವರನ್ನು ಎಬ್ಬಿಸುವುದು ಹೇಗೆ, ಮಾರುವುದು ಏನನ್ನು ಎಂದು ಅವರಿಗೂ ತಿಳಿಯಲಿಲ್ಲ. ಹನ್ನೆರಡೂವರೆಗೆ ಬಿಟ್ಟರು. ಟುಕ್‌ಟುಕ್ ಮಾಯವಾಗಿತ್ತು.

ಸಂಜೆ ಹೋಟೆಲಿನ ಹುಡುಗಿಗೆ ಹೇಳಿಕೊಂಡೆ. ಆ ಅರಮನೆಯ ಗೋಡೆಯ ಪಕ್ಕ ಈ ಆಟ ಬಹಳ ಹಳೆಯದು ಎಂದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಹೇಳಲೋ ಬೇಡವೋ ಎಂಬಂತೆ, ಇನ್ನೊಂದು ವಿಷಯ ಹೇಳಿದಳು. ಮಾತಿನ ಕೊನೆಗೆ ‘ಖಾ’ ಹಚ್ಚುವುದು ಹೆಂಗಸರು. ಗಂಡಸರು ‘ಖ್ರಾಪ್’ ಎನ್ನಬೇಕು. ನಾಲ್ಕು ದಿನದಿಂದ ನಾನು ಹೆಂಗಸಿನ ಹಾಗೆ ಮಾತಾಡುತ್ತ ಊರು ಸುತ್ತಿದ್ದೆ. ತಪ್ಪನ್ನು ತಿದ್ದಿದ್ದು ಆ ಹುಡುಗಿ ಒಬ್ಬಳೇ. ಹೊಗಳಿದವನು ತಿದ್ದಲಿಲ್ಲ.

ಮಾರನೆಯ ದಿನ ಮೆಟ್ರೋ ಹಿಡಿದು ಸನಾಮ್ ಚೈ ಸ್ಟೇಷನ್ನಿನಲ್ಲಿ ಇಳಿದೆವು. 2019ರಲ್ಲಿ ತೆರೆದ ಸ್ಟೇಷನ್ ಅದು, ನೆಲದಡಿಯಲ್ಲಿದ್ದರೂ ಕಂಬ, ಸೂರು ಎಲ್ಲ ಅರಮನೆಯ ಸಭಾಂಗಣದಂತಿದೆ. ಮೇಲೆ ಬಂದರೆ ವಾಟ್ ಫೋ ಗುಡಿ ಕೂಗಳತೆ, ಅರಮನೆ ಅದರಾಚೆ. ಗೋಡೆಯ ಪಕ್ಕ ಮತ್ತೊಬ್ಬ ಬಿಳಿ ಅಂಗಿ ಬಂದ. ನಾನು ಕೈಮುಗಿದೆ, ನಡೆದೆ. ಬಾಗಿಲಲ್ಲಿ ಕಾವಲಿನವನು ನನ್ನನ್ನು ತಡೆದ. ಸೆಕೆಗೆಂದು ಮಗ ಕೊಡಿಸಿದ್ದ ಮಂಡಿಯವರೆಗಿನ ಚಡ್ಡಿ ತೊಟ್ಟಿದ್ದೆ. ತೊಡೆ, ಮಂಡಿ, ಭುಜ ಕಂಡರೆ ಒಳಗೆ ಬಿಡುವುದಿಲ್ಲ. ಸೀರೆಯುಟ್ಟಿದ್ದ ಅಕ್ಕನಿಗೆ ಅದೇ ಕಾವಲಿನವನು ತಲೆಬಾಗಿ ದಾರಿ ತೋರಿಸಿದ. ಎದುರಿನ ಫುಟ್‌ಪಾತಿನಲ್ಲಿ 150 ಬಾತ್ ಕೊಟ್ಟು ಆನೆಯ ಚಿತ್ರಗಳ ದೊಗಳೆ ಪೈಜಾಮ ಕೊಂಡೆ. ಮೈಸೂರಿನವನು ಆನೆಗೆ ನಾಚಿಕೊಳ್ಳಬಾರದು ಎಂದು ಸಮಾಧಾನ ಹೇಳಿಕೊಂಡೆ. ಅದು ಈಗಲೂ ನನ್ನ ಭಾನುವಾರದ ಉಡುಪು.

ಟಿಕೆಟ್ 500 ಬಾತ್, ದುಬಾರಿಯೇ. ಆದರೆ ಮರಕತ ಬುದ್ಧನ ಗುಡಿಯ ಸುತ್ತಿನ ಪೌಳಿಯೊಂದಕ್ಕೇ ಅದು ಸಲ್ಲುತ್ತದೆ. ಅಲ್ಲಿ ಗೋಡೆಯುದ್ದಕ್ಕೂ 178 ಚಿತ್ರಗಳಲ್ಲಿ ‘ರಾಮಕಿಯನ್’, ಅವರ ರಾಮಾಯಣ. ರಾವಣ ‘ಥೋತ್ಸಕಾನ್’. ದಶಕಂಠ ಎಂದು ಬಿಡಿಸಲು ನನಗೆ ಅರ್ಧ ನಿಮಿಷ ಸಾಕಾಯಿತು. ಹನುಮಂತ ಬೆಳ್ಳಗಿದ್ದಾನೆ, ಚಿನ್ನದ ಒಡವೆ ಹಾಕಿಕೊಂಡಿದ್ದಾನೆ. ಅಕ್ಕ ಅವನ ಭಕ್ತೆ. ಪ್ರತಿ ಚಿತ್ರದ ಮುಂದೆಯೂ ನಿಂತು ಹುಡುಕಿ ಹುಡುಕಿ ಕೈಮುಗಿದಳು. ಹೊರಗೆ ಬಂದ ಮೇಲೆ ಅಂಗಡಿಯೊಂದರಲ್ಲಿ ಹನುಮಂತನ ಜೊತೆ ಒಬ್ಬ ಮತ್ಸ್ಯಕನ್ಯೆಯ ಚಿತ್ರ ನೋಡಿ ಯಾರೆಂದು ಕೇಳಿದಳು. ಸೇತುವೆ ಕೆಡಿಸಲು ಬಂದ ರಾವಣನ ಮಗಳು ಸುವನ್ನಮಚ್ಚಾ, ಸುವರ್ಣಮತ್ಸ್ಯ; ಹನುಮಂತ ಅವಳನ್ನು ಪ್ರೀತಿಸಿದ, ಅವರಿಗೊಬ್ಬ ಮಗನೂ ಹುಟ್ಟಿದ ಎಂದು ನಾನು ಪಾಠ ಒಪ್ಪಿಸಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ದೋಣಿ ಹತ್ತುವಾಗ “ಈ ಊರಿನ ಗಾಳಿಯೇ ಹಾಗಿರಬೇಕು ಬಿಡು” ಎಂದಳು.

ಅದೇ ಅಂಗಡಿಯಲ್ಲಿ ಚಿಲ್ಲರೆ ಇಸಿದುಕೊಳ್ಳುವಾಗ ಹತ್ತು ಬಾತಿನ ನಾಣ್ಯ ಕೈಜಾರಿ ಉರುಳಿತು. ಚರಂಡಿಗೆ ಬಿದ್ದೀತೆಂದು ನಾನು ಚಪ್ಪಲಿ ಕಾಲಿನಿಂದ ಮೆಟ್ಟಿ ನಿಲ್ಲಿಸಿದೆ. ಅಂಗಡಿಯಾಕೆಯ ನಗು ಆರಿಹೋಯಿತು. ನಾಣ್ಯದಲ್ಲಿ, ನೋಟಿನಲ್ಲಿ ಇರುವುದು ರಾಜನ ಮುಖ, ಅದರ ಮೇಲೆ ಕಾಲಿಡುವುದೆಂದರೆ ಅವರಿಗೆ ಎದೆಗೆ ಒದ್ದಂತೆ. ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡಿದರೆ ಜೈಲು, ವಿದೇಶಿಯರೆಂದು ಬಿಡುವುದಿಲ್ಲ. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಕ್ಕ ಬಗ್ಗಿ ನನ್ನ ಕಾಲು ಸರಿಸಿ, ನಾಣ್ಯ ಎತ್ತಿ, ಸೆರಗಿನಲ್ಲಿ ಒರೆಸಿ ಎರಡು ಕಣ್ಣಿಗೂ ಒತ್ತಿಕೊಂಡಳು. ಕಾಲಿಗೆ ಪುಸ್ತಕ ತಾಗಿದರೆ, ಕಾಳು ತಾಗಿದರೆ ಅವಳು ಮಾಡುವುದೇ ಅದು. ಅಂಗಡಿಯಾಕೆ ಕುರ್ಚಿಯಿಂದ ಎದ್ದು, ಎರಡೂ ಕೈ ಜೋಡಿಸಿ ಹಣೆಯವರೆಗೆ ತಂದು ಬಾಗಿದಳು. ಅಕ್ಕನಿಗೆ ಒಂದೇ ಒಂದು ಥಾಯ್ ಶಬ್ದ ಬರುತ್ತಿರಲಿಲ್ಲ.

ಓಡಾಟದ ಬಗ್ಗೆ ಎರಡು ಮಾತು. ಸಂಜೆ ನಾಲ್ಕರಿಂದ ಏಳರವರೆಗೆ ಟ್ಯಾಕ್ಸಿಯಲ್ಲಿ ಕೂರುವುದೆಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನೆನಪು ಮಾಡಿಕೊಳ್ಳುವುದು. ಮೀಟರ್ 35 ಬಾತಿನಿಂದ ಶುರುವಾಗಬೇಕು. ಹಾಕುವುದಿಲ್ಲ ಎಂದವನಿಗೆ ಮುಗುಳ್ನಕ್ಕು ಬಾಗಿಲು ಮುಚ್ಚಿ ಇನ್ನೊಂದನ್ನು ಕರೆಯಿರಿ. ದನಿ ಏರಿಸಬೇಡಿ. ಕೋಪ ತೋರಿಸಿದವನು ಅಲ್ಲಿ ಸೋತ ಹಾಗೆ. ಅವರ ಬಾಯಲ್ಲಿ ಸದಾ ಇರುವ ಮಾತು ‘ಚೈ ಯೆನ್’, ಮನಸ್ಸು ತಣ್ಣಗಿರಲಿ. ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪನ್ನು ಊರಲ್ಲೇ ಹಾಕಿಕೊಂಡು ಒಟಿಪಿ ಮುಗಿಸಿಕೊಂಡು ಹೋಗಿ, ಅಲ್ಲಿ ನಮ್ಮ ಸಿಮ್ ಮಲಗಿರುತ್ತದೆ. ಮೇಲೆ ಓಡುವ ಸ್ಕೈಟ್ರೇನ್ ಬೇರೆ, ಕೆಳಗೆ ಓಡುವ ಮೆಟ್ರೋ ಬೇರೆ, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಸುಖುಮ್ವಿತ್ ರಸ್ತೆಯಲ್ಲಿ ಮನೆ ಹುಡುಕುವುದಾದರೆ ಬೆಸ ಸಂಖ್ಯೆಯ ಗಲ್ಲಿಗಳು ಒಂದು ಪಕ್ಕ, ಸಮ ಸಂಖ್ಯೆಯವು ಇನ್ನೊಂದು ಪಕ್ಕ. ಆದರೆ ಅವು ಜೊತೆಜೊತೆಯಾಗಿ ನಡೆಯುವುದಿಲ್ಲ, 55ನೆಯ ಗಲ್ಲಿಯ ಎದುರಿಗೆ 38 ಇದೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಸ್ಟೇಷನ್ನಿನಲ್ಲಿ ರಾಷ್ಟ್ರಗೀತೆ ಮೊಳಗಿದರೆ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ದುಡ್ಡು ಬದಲಿಸಲು ವಿಮಾನ ನಿಲ್ದಾಣದಲ್ಲಿ ಹೊರಬರುವ ಬಾಗಿಲ ಬಳಿಯ ಕೌಂಟರು ಬೇಡ. ತಳಮಹಡಿಯಲ್ಲಿ ರೈಲು ಹತ್ತುವ ಕಡೆಯವರು ಹೆಚ್ಚು ಕೊಡುತ್ತಾರೆ. ಎಟಿಎಮ್ಮಿಗೆ ನಮ್ಮ ಕಾರ್ಡು ಹಾಕಿದರೆ ಪ್ರತಿ ಸಲವೂ 220 ಬಾತೋ ಅದಕ್ಕೂ ಹೆಚ್ಚೋ ಕಡಿತ, ತೆಗೆದರೆ ಒಮ್ಮೆಗೇ ತೆಗೆಯಿರಿ.

ದೋಣಿಗೆ ಮಾತ್ರ ಇನ್ನಷ್ಟು ಜಾಗ ಕೊಡಬೇಕು. ಚಾವ್ ಫ್ರಯಾ ನದಿಯಲ್ಲಿ ಕಿತ್ತಳೆ ಬಾವುಟದ ದೋಣಿ, ಎಲ್ಲಿಗೆ ಹೋದರೂ 16 ಬಾತ್. ನಿರ್ವಾಹಕಿಯ ಕೈಯಲ್ಲಿ ಮೊಳದುದ್ದದ ತಗಡಿನ ಕೊಳವೆ, ಅದರೊಳಗೇ ಚಿಲ್ಲರೆ, ಅದರೊಳಗೇ ಟಿಕೆಟ್ಟು. ಅದನ್ನು ಟಪಟಪ ಬಡಿಯುತ್ತ ಬರುತ್ತಾಳೆ. ನಮ್ಮ ಪ್ರೀತಿಯದ್ದು ಮಾತ್ರ ಸೇನ್ ಸೇಪ್ ಕಾಲುವೆಯ ದೋಣಿ. ಮೂರನೆಯ ರಾಮನ ಕಾಲದಲ್ಲಿ, 1837ರಲ್ಲಿ ತೋಡಲು ಶುರುಮಾಡಿದ ಕಾಲುವೆ. ನೀರು ಕಪ್ಪು, ನಾತವೂ ಇದೆ, ನಮ್ಮ ರಾಜಕಾಲುವೆಗಳಿಗೆ ಹೊಸದಲ್ಲ. ಆದರೆ ಆ ನೀರಿನ ಮೇಲೆ ಆಫೀಸಿಗೆ ಹೋಗುವವರು, ಶಾಲೆಯ ಮಕ್ಕಳು ಹತ್ತಿಪ್ಪತ್ತು ಬಾತ್ ಕೊಟ್ಟು, ಮೇಲೆ ಟ್ರಾಫಿಕ್ಕಿನಲ್ಲಿ ಕೊಳೆಯುವವರನ್ನು ಹಿಂದೆ ಹಾಕಿ ಭರ್ರೆಂದು ಹೋಗುತ್ತಾರೆ. ದೋಣಿ ದಡಕ್ಕೆ ತಾಗುವುದು ಕೆಲವೇ ಕ್ಷಣ. ಹೆಲ್ಮೆಟ್ ಹಾಕಿದ ನಿರ್ವಾಹಕ ದೋಣಿಯ ಅಂಚಿನ ಮೇಲೆ, ಹೊರಗಡೆಯಿಂದಲೇ, ಹಗ್ಗ ಹಿಡಿದು ನಡೆಯುತ್ತ ದುಡ್ಡು ಇಸಿದುಕೊಳ್ಳುತ್ತಾನೆ. ಎದುರಿನಿಂದ ಇನ್ನೊಂದು ದೋಣಿ ಬಂದರೆ ಅಲೆ ಒಳಗೆ ಚಿಮ್ಮದಂತೆ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲು ಏರಿಸಬೇಕು. ಅಕ್ಕನನ್ನು ಹೇಗೆ ಹತ್ತಿಸುವುದು ಎಂದು ನಾನು ಯೋಚಿಸುವಷ್ಟರಲ್ಲಿ ಇಬ್ಬರು ಕಾಲೇಜು ಹುಡುಗಿಯರು ಅವಳ ರೆಟ್ಟೆ ಹಿಡಿದು ಒಳಗಿಳಿಸಿದ್ದರು. ಹಗ್ಗದ ಕೆಲಸ ಅವಳ ಪಾಲಿಗೆ ಬಂತು. ಬಾವಿಯಿಂದ ನೀರು ಸೇದಿ ಬೆಳೆದವಳು. ಆ ಸಾಲಿನಲ್ಲಿ ಯಾರ ಮೈಮೇಲೂ ಒಂದು ಹನಿ ಬೀಳಲಿಲ್ಲ.

ಇನ್ನು ನೀವೆಲ್ಲ ಕಾಯುತ್ತಿರುವ ಮಸಾಜಿನ ವಿಷಯ. ಮಾಡಿಸಿಕೊಂಡದ್ದು ಅಕ್ಕ. ವಾಟ್ ಫೋ ಗುಡಿಯಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನ ದರ್ಶನ ಮುಗಿಸಿ, ಅದೇ ಪ್ರಾಕಾರದಲ್ಲಿರುವ ಮಸಾಜ್ ಶಾಲೆಯವರ ಮಂಟಪಕ್ಕೆ ಹೋದೆವು. ಮೈಯ ನರಗಳ ನಕ್ಷೆಯನ್ನು ಕಲ್ಲಿನ ಮೇಲೆ ಕೆತ್ತಿಟ್ಟಿರುವ ಗುಡಿ ಅದು. ಥಾಯ್ ಮರ್ದನವನ್ನು ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಎಣ್ಣೆಯಿಲ್ಲ, ಬಟ್ಟೆ ಕಳಚುವುದಿಲ್ಲ, ದೊಗಳೆ ಉಡುಪು ಅವರೇ ಕೊಡುತ್ತಾರೆ. ಐವತ್ತು ದಾಟಿದ ಒಬ್ಬ ಹೆಂಗಸು ಅಕ್ಕನ ಮಂಡಿಯನ್ನು ಅರ್ಧ ಗಂಟೆ ಹೆಬ್ಬೆರಳಲ್ಲಿ ಒತ್ತಿದಳು. ಅಕ್ಕ “ಅಮ್ಮಾ” ಎಂದು ನರಳಿದಾಗೆಲ್ಲ ಅವಳೂ “ಅಮ್ಮಾ” ಎಂದು ನಗುತ್ತಿದ್ದಳು. ಎದ್ದ ಮೇಲೆ ಅಕ್ಕ ಮೆಟ್ಟಿಲನ್ನು ಕೋಲಿಲ್ಲದೆ ಇಳಿದಳು. ಆ ಗುಣ ಉಳಿದದ್ದು ಮೂರು ದಿನ. ಮೂರು ದಿನ ಕಡಿಮೆಯಲ್ಲ.

ವಾಪಸು ಬರುವ ರಾತ್ರಿ ಸುವರ್ಣಭೂಮಿಯಲ್ಲಿ ಇಮಿಗ್ರೇಷನ್ ದಾಟಿದ ಮೇಲೆ ಸಮುದ್ರಮಥನದ ದೊಡ್ಡ ಶಿಲ್ಪ ಎದುರಾಯಿತು. ವಾಸುಕಿಯನ್ನು ಹಿಡಿದು ದೇವತೆಗಳು ಒಂದು ಕಡೆ, ಅಸುರರು ಒಂದು ಕಡೆ, ನಡುವೆ ಮಂದರದ ಮೇಲೆ ವಿಷ್ಣು. ಮಂದರ ಥಾಯ್ ಭಾಷೆಯಲ್ಲಿ ಏನಾಗಿರಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಕ್ಕ ಬಾಲದ ಕಡೆ ನಿಂತು ಫೋಟೋ ತೆಗೆಸಿಕೊಂಡಳು.

ಮೊನ್ನೆ ಕೊನೆ ಮನೆಯವರು ಮತ್ತೆ ಗೇಟಿನ ಬಳಿ ಬಂದಿದ್ದರು. ಡಿಸೆಂಬರಿನಲ್ಲಿ ಅವರೂ ಹೊರಟಿದ್ದಾರಂತೆ, ಹೆಂಡತಿ, ಅತ್ತೆ, ಮಾವ ಸಮೇತ. ಈ ಸಲ ‘ಓಹೋ’ ಎನ್ನುವ ಸರದಿ ನನ್ನದು. ಅಲ್ಲಿ ಏನೇನು ಜೋಪಾನ ಮಾಡಬೇಕು, ಒಂದು ಪಟ್ಟಿ ಬರೆದುಕೊಡಿ ಮೇಷ್ಟ್ರೇ ಎಂದರು. ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದುಕೊಟ್ಟೆ: ಹಳದಿ ಬಾವುಟ ನೋಡಿ ಉಣ್ಣಿ. ಕಾಲಿನಿಂದ ನಾಣ್ಯ ಮುಟ್ಟಬೇಡಿ. ನಿಮ್ಮ ಥಾಯ್ ಚೆನ್ನಾಗಿದೆ ಎಂದವರನ್ನು ನಂಬಬೇಡಿ. ಅರಮನೆ ವಾರದ ಏಳು ದಿನವೂ ಬೆಳಿಗ್ಗೆ 8:30ಕ್ಕೆ ತೆರೆಯುತ್ತದೆ.